ಗರಿಕೆಯೂ ನನ್ನ ಮೂಗೂ

ಗಣಪತಿಗೆ ಗರಿಕೆಯೆಂದರೆ ಪ್ರೀತಿ. ಅನಲಾಸುರನನ್ನು ನುಂಗಿ ಹೊಟ್ಟೆಯುರಿ ಹತ್ತಿಕೊಂಡಾಗ ಅವನ ಮೈ ತಂಪು ಮಾಡಿದ್ದು ಗರಿಕೆಯೇ ಎಂದು ಕಥೆ. ಅದಕ್ಕೇ ಚೌತಿಯ ದಿನ ಇಪ್ಪತ್ತೊಂದು ಎಣಿಸಿ, ತುದಿ ಮುರಿಯದ ಹಾಗೆ ನೋಡಿಕೊಂಡು ಏರಿಸುತ್ತೇವೆ. ಅಷ್ಟುದ್ದದ ಮೂಗು, ಅದರ ಬುಡದಲ್ಲೇ ಒಂದು ಹಿಡಿ ಹುಲ್ಲು; ಆದರೂ ಆ ಸ್ವಾಮಿ ಒಮ್ಮೆ ಸೀನಿದ ಪ್ರಸಂಗ ನಾನು ಕೇಳಿದ ಯಾವ ಹರಿಕಥೆಯಲ್ಲೂ ಬಂದಿಲ್ಲ. ನನ್ನದು ಸಾಧಾರಣ ಅಳತೆಯ ಮೂಗು. ಪೂಜೆಯ ಗರಿಕೆ ಎಳೆಯದು, ಅದರ ಮೇಲೆ ನನ್ನ ದೂರಿಲ್ಲ. ಅದೇ ಗರಿಕೆ ಇನ್ನೊಂದಿಷ್ಟು ದಿನ ಬಿಟ್ಟು, ಕಾಲುವೆ ಪಕ್ಕದಲ್ಲೋ ಆಟದ ಮೈದಾನದ ಅಂಚಿನಲ್ಲೋ ನೆಟ್ಟಗೆ ಕಾಂಡ ಎತ್ತಿ, ತುದಿಗೆ ನಾಲ್ಕೈದು ಸಣ್ಣ ಕಡ್ಡಿ ಹರಡಿ, ಅವುಗಳಿಂದ ನೇರಳೆ ಬಣ್ಣದ ಕೇಸರಗಳನ್ನು ಇಳಿಬಿಟ್ಟು ನಿಂತಿತೆಂದರೆ ನನ್ನ ಕಷ್ಟ ಶುರು.

ನಮ್ಮ ಮನೆಯಲ್ಲಿ ಸೀನಿಗೊಂದು ಶಾಸ್ತ್ರವಿತ್ತು. ಹೊರಡುವಾಗ ಒಂಟಿ ಸೀನು ಬಂದರೆ ಅಪಶಕುನ; ಕೂತು, ಒಂದು ಗುಟುಕು ನೀರು ಕುಡಿದು ಹೊರಡಬೇಕು. ಜೋಡಿ ಸೀನಾದರೆ ಅಡ್ಡಿಯಿಲ್ಲ. ಮಕ್ಕಳು ಸೀನಿದರೆ ಅಜ್ಜಿ ‘ನೂರು ವರ್ಷ ಬಾಳು’ ಅನ್ನುವವಳು. ನನ್ನ ವಿಷಯದಲ್ಲಿ ಈ ಶಾಸ್ತ್ರ ಸೋತುಹೋಯಿತು. ನನ್ನದು ಒಂಟಿಯೂ ಅಲ್ಲ, ಜೋಡಿಯೂ ಅಲ್ಲ, ಸರಮಾಲೆ. ಬೆಸವೋ ಸಮವೋ ಎಂದು ಮನೆಯವರೆಲ್ಲ ಎಣಿಸಿ ಮುಗಿಸುವ ಹೊತ್ತಿಗೆ ಬಸ್ಸು ಹೋಗಿರುತ್ತಿತ್ತು. ಅಜ್ಜಿ ಸೀನಿಗೆ ನೂರರಂತೆ ಹರಸುತ್ತಾ ಹೋಗಿ, ಒಂದೊಂದು ದಸರಾ ರಜೆ ಕಳೆಯುವ ಹೊತ್ತಿಗೆ ನನಗೆ ಮಾರ್ಕಂಡೇಯನಿಗಿಂತ ಹೆಚ್ಚು ಆಯುಸ್ಸು ಜಮೆಯಾಗಿರುತ್ತಿತ್ತು.

ಶಕುನ ಬಿಟ್ಟರೆ ಉಳಿದದ್ದು ಶೀತ. ‘ಅವಳದು ಶೀತ ಪ್ರಕೃತಿ’ ಎಂದು ಒಮ್ಮೆ ತೀರ್ಪಾದ ಮೇಲೆ ಮೊಸರು ಹೋಯಿತು, ಬಾಳೆಹಣ್ಣು ಹೋಯಿತು, ಸಂಜೆಯ ಆಟ ಹೋಯಿತು. ಕಾಳುಮೆಣಸಿನ ಕಷಾಯ, ನೀಲಗಿರಿ ಎಣ್ಣೆಯ ಹಬೆ, ತಲೆಗೊಂದು ಸ್ಕಾರ್ಫು ಬಂದವು. ಹಬೆಯಿಂದ ಕಟ್ಟಿದ ಮೂಗಿಗೆ ಗಳಿಗೆಯ ಸುಖ ಸಿಗುತ್ತಿತ್ತು ಎನ್ನುವುದನ್ನು ಒಪ್ಪಲೇಬೇಕು. ಆದರೆ ಶೀತಕ್ಕೂ ಇದಕ್ಕೂ ಗುರುತು ಬೇರೆ. ಶೀತ ಒಂದು ವಾರದಲ್ಲಿ ತನ್ನ ದಾರಿ ಹಿಡಿಯುತ್ತದೆ. ಮೈ ಬೆಚ್ಚಗಾಗುತ್ತದೆ, ಗಂಟಲು ನೋಯುತ್ತದೆ. ಇದಕ್ಕೆ ಜ್ವರವಿಲ್ಲ. ಮೂಗಿನಿಂದ ಇಳಿಯುವುದು ಬರೀ ನೀರು. ಕಣ್ಣು ಕಡಿಯುತ್ತದೆ, ಅಂಗುಳ ತುರಿಸುತ್ತದೆ. ನಾಲಿಗೆಯಿಂದ ಅಂಗುಳ ಕೆರೆದುಕೊಳ್ಳುವ ವಿದ್ಯೆ ನಮ್ಮಂಥವರಿಗೆ ಮಾತ್ರ ಗೊತ್ತು. ಮತ್ತು ಪ್ರತಿವರ್ಷ ಅದೇ ತಿಂಗಳಿಗೆ, ಹೇಳಿ ಕರೆಸಿದಂತೆ ಬರುತ್ತದೆ.

ಈ ಶೀತದ ತೀರ್ಪಿನ ಮೇಲೆ ನನಗಿರುವ ಸಿಟ್ಟು ಕಷಾಯದ ಖಾರಕ್ಕಲ್ಲ. ಅದು ನಮ್ಮನ್ನು ಕೂರಿಸಿಬಿಡುತ್ತದೆ ಎನ್ನುವುದಕ್ಕೆ. ‘ಮೂಗು ಸೋರ್ತಿರೋಳಿಗೆ ವಾಕಿಂಗ್ ಯಾಕೆ, ಬೆಚ್ಚಗೆ ಒಳಗಿರಬಾರದೇನು?’ ಅನ್ನುವವರಿಗೆ ನಮ್ಮ ಸುತ್ತ ಬರವಿಲ್ಲ. ನಮ್ಮ ತಾಯಿಯ ಕಡೆ ಸಕ್ಕರೆ ಕಾಯಿಲೆ, ತಂದೆಯ ಕಡೆ ಬಿ.ಪಿ. ನನ್ನದು ಬ್ಯಾಂಕಿನ ಕೌಂಟರಿನ ಕೆಲಸ, ಬೆಳಗ್ಗೆಯಿಂದ ಸಂಜೆಯವರೆಗೆ ಕುರ್ಚಿ. ಇಂಥವಳು ವರ್ಷದಲ್ಲಿ ಮೂರು ತಿಂಗಳು ಹುಲ್ಲಿಗೆ ಹೆದರಿ ಒಳಗೆ ಕೂತರೆ ಹುಲ್ಲು ಮಾಡುವ ಕೇಡಿಗಿಂತ ಕೂತ ಕೇಡೇ ದೊಡ್ಡದಾಗುತ್ತದೆ. ಸೀನಿ ಸತ್ತವರನ್ನು ನಾನು ನೋಡಿಲ್ಲ. ಕೂತು ಕೂತು ಕಾಯಿಲೆ ಬಿದ್ದವರನ್ನು ನಮ್ಮ ಬೀದಿಯಲ್ಲೇ ತೋರಿಸಬಲ್ಲೆ.

ಇದು ಶೀತವಲ್ಲ, ಅಲರ್ಜಿ. ಯಾವುದಕ್ಕೆ ಅಲರ್ಜಿ ಎಂದು ಪತ್ತೆ ಮಾಡುವ ಚರ್ಮದ ಪರೀಕ್ಷೆ ನೋಡಲು ಮಜವಾಗಿರುತ್ತದೆ. ಸೀನಿನ ಮಾತ್ರೆಗಳನ್ನು ಕೆಲವು ದಿನ ಮೊದಲೇ ನಿಲ್ಲಿಸಿ ಹೋಗಬೇಕು. ಮುಂಗೈ ಒಳಭಾಗದಲ್ಲಿ ಪೆನ್ನಿನಿಂದ ಸಾಲಾಗಿ ಗುರುತು ಹಾಕಿ, ಒಂದೊಂದರ ಪಕ್ಕ ಒಂದೊಂದು ಹನಿ ಬಿಟ್ಟು, ಹನಿಯ ಮೂಲಕ ಚರ್ಮಕ್ಕೆ ಸೂಜಿಯ ಮೊನೆಯನ್ನು ಚೂರು ಚುಚ್ಚುತ್ತಾರೆ. ಧೂಳಿನ ಹುಳ, ಜಿರಲೆ, ಬೂಷ್ಟು, ಬೆಕ್ಕು, ಆ ಮರ, ಈ ಹುಲ್ಲು. ಹೋಲಿಕೆಗೆಂದು ಒಂದು ಕಡೆ ಹಿಸ್ಟಮೀನು, ಇನ್ನೊಂದು ಕಡೆ ಬರೀ ಉಪ್ಪುನೀರು. ಹದಿನೈದಿಪ್ಪತ್ತು ನಿಮಿಷ ಕೈ ಚಾಚಿ ಕೂತಿರಬೇಕು, ಕೆರೆಯುವ ಹಾಗಿಲ್ಲ. ನನ್ನ ಕೈಯ ಮೇಲೆ ಬೆಕ್ಕು ಸುಮ್ಮನಿತ್ತು, ಜಿರಲೆ ಸುಮ್ಮನಿತ್ತು. ಗರಿಕೆಯ ಹನಿ ಬಿದ್ದ ಜಾಗ ಮಾತ್ರ ಹಿಸ್ಟಮೀನನ್ನೂ ಮೀರಿಸಿ ದದ್ದಾಗಿ ಎದ್ದು, ಸುತ್ತ ಕೆಂಪು ಹರಡಿ ಕೂತಿತು. ‘ಪೂಜೆಗೆ ತೊಂದರೆ ಇಲ್ಲ ಮೇಡಂ, ಧೈರ್ಯವಾಗಿ ಏರಿಸಿ’ ಎಂದು ಡಾಕ್ಟರು ತಾವಾಗಿಯೇ ಹೇಳಿದರು. ಬಹಳ ಜನ ಅದನ್ನೇ ಮೊದಲು ಕೇಳುತ್ತಾರೇನೋ.

ನಾನು ಅದುವರೆಗೆ ಶಪಿಸುತ್ತಿದ್ದ ಕಾಂಗ್ರೆಸ್ ಹುಲ್ಲು ಆ ಸಾಲಿನಲ್ಲಿ ಸಣ್ಣಗೆ ಕೆಂಪಾಗಿ ಬಿಟ್ಟಿತ್ತು. ಹೆಸರಿಗೆ ಹುಲ್ಲಾದರೂ ಪಾರ್ಥೇನಿಯಂ ಹುಲ್ಲಿನ ಜಾತಿಯೇ ಅಲ್ಲ, ಸೂರ್ಯಕಾಂತಿಯ ಕುಟುಂಬದ್ದು. 1950ರ ದಶಕದಲ್ಲಿ ಪುಣೆಯ ಕಡೆ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿತು. ಅದನ್ನು ತಿನ್ನಲೆಂದು ಮೆಕ್ಸಿಕೋದಿಂದ ತರಿಸಿದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಆ ಗಿಡದಿಂದ ಚರ್ಮ ಕೆಟ್ಟವರು, ಉಬ್ಬಸ ಹತ್ತಿದವರು ಬೇಕಾದಷ್ಟಿದ್ದಾರೆ, ಅದರ ಪರ ನಾನು ವಾದ ಮಾಡುತ್ತಿಲ್ಲ. ನನ್ನ ಪಾಲಿನ ಕಳ್ಳ ಅದಲ್ಲ, ಅಷ್ಟೆ. ಹಾಗೆಯೇ ಜಕರಂಡ, ಟಬೂಬಿಯಾ, ಗುಲ್‌ಮೊಹರ್ ಮರಗಳು. ರಸ್ತೆಯ ತುಂಬ ಬಣ್ಣ ಚೆಲ್ಲುತ್ತವೆಂದು ಅವುಗಳ ಮೇಲೆ ಆರೋಪ ಹೊರಿಸುತ್ತಾರೆ. ಬಣ್ಣ ತೋರಿಸಿ ಜೇನ್ನೊಣ, ಹಕ್ಕಿಗಳನ್ನು ಕರೆಯುವ ಹೂವಿನ ಪರಾಗ ಅಂಟು, ಭಾರ. ಬರುವವರ ಮೈಗೆ ಮೆತ್ತಿಕೊಂಡು ಹೋಗಲೆಂದೇ ಇರುವುದು. ಗಾಳಿಯನ್ನು ನಂಬಿದ ಗಿಡಗಳಿಗೆ ಬಣ್ಣವೂ ಬೇಡ, ಪರಿಮಳವೂ ಬೇಡ. ಅವು ಹೂ ಬಿಟ್ಟಿರುವುದೇ ಗೊತ್ತಾಗುವುದಿಲ್ಲ. ಯಾವುದೋ ಇನ್ನೊಂದು ಹೂವಿಗೆ ಮುಟ್ಟಲಿ ಎಂದು ಹಗುರವಾದ ಪರಾಗವನ್ನು ಲೆಕ್ಕವಿಲ್ಲದಷ್ಟು ತೂರಿಬಿಡುತ್ತವೆ. ಹೆಚ್ಚಿನದು ಎಲ್ಲಿಗೂ ಮುಟ್ಟುವುದಿಲ್ಲ. ಒಂದು ಪಾಲು ನನ್ನ ಮೂಗಿಗೆ ಮುಟ್ಟುತ್ತದೆ.

ಮೂಗು ಮಾಡುವುದಾದರೂ ಏನು? ಹುಲ್ಲಿನ ಪರಾಗದ ಒಂದು ಕಣ ಸುಮಾರು 30 ಮೈಕ್ರಾನ್ ಇರುತ್ತದೆ, ಕೂದಲೆಳೆಯ ಅರ್ಧದಷ್ಟು ದಪ್ಪ. ಅಷ್ಟು ದೊಡ್ಡದು ಶ್ವಾಸಕೋಶದವರೆಗೆ ಇಳಿಯುವುದಿಲ್ಲ, ಮೂಗಿನ ಒದ್ದೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಕೂಡಲೇ ಅದರೊಳಗಿನ ಪ್ರೊಟೀನುಗಳು ಹೊರಬರುತ್ತವೆ. ಬೇರೆಯವರ ಮೈ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ನನ್ನ ಮೈ ಯಾವುದೋ ಕಾಲದಲ್ಲಿ ಅದನ್ನು ಶತ್ರುವೆಂದು ಬರೆದಿಟ್ಟುಕೊಂಡಿದೆ, ಆ ಹೆಸರಿನ ಪ್ರತಿಕಾಯಗಳನ್ನು ತಯಾರಾಗಿ ಇಟ್ಟಿದೆ. ಹಿಸ್ಟಮೀನು ಸುರಿದು ತೊಳೆಯಲು ನಿಲ್ಲುತ್ತದೆ. ನೀರು, ಸೀನು, ಊತ ಎಲ್ಲವೂ ಆ ತೊಳೆಯುವ ಕೆಲಸ. ಕೆಲಸದಲ್ಲಿ ಅದರ ಶ್ರದ್ಧೆಯನ್ನು ಮೆಚ್ಚಬೇಕು. ನಮ್ಮ ಶಾಖೆಯಲ್ಲಿ ಅಂಥವರು ಒಬ್ಬರೂ ಇಲ್ಲ.

ನಮ್ಮ ಚಿಕ್ಕಪ್ಪ ಮಂಡ್ಯದ ಕಡೆ ನಾಲೆ ಬಯಲಿನ ಒಕ್ಕಲುಗಾರ. ಪರೀಕ್ಷೆಯ ವಿಷಯ ಹೇಳಿದಾಗ ಎಲೆ ಅಡಿಕೆ ಬಾಯಿಂದ ತೆಗೆದು ನಕ್ಕರು. ‘ಅಲ್ಲ ಕಣವ್ವ, ಹುಲ್ಲು ಆಗಲ್ಲ ಅಂದ್ರೆ ಅನ್ನ ಹೆಂಗೆ ತಿಂತೀಯ? ಭತ್ತ ಏನು ಮರನಾ?’ ಪ್ರಶ್ನೆ ಸರಿಯಾದದ್ದೇ. ಭತ್ತ ಹುಲ್ಲು, ರಾಗಿ ಹುಲ್ಲು, ಜೋಳ ಹುಲ್ಲು, ಕಬ್ಬು ಹುಲ್ಲು, ಬಿದಿರು ಕೂಡ ಹುಲ್ಲು. ಈ ಕುಟುಂಬವನ್ನು ತೆಗೆದುಹಾಕಿದರೆ ನಮ್ಮ ಮುದ್ದೆ, ರೊಟ್ಟಿ, ಬೆಲ್ಲ ಒಂದೂ ಇಲ್ಲ. ತಿನ್ನುವ ಕಾಳಿಗೂ ಉಸಿರಾಡುವ ಪರಾಗಕ್ಕೂ ಇರುವ ವ್ಯತ್ಯಾಸವನ್ನು ನನಗೆ ತಿಳಿದಷ್ಟು ವಿವರಿಸಿದೆ. ಚಿಕ್ಕಪ್ಪ ಕೇಳಿಸಿಕೊಂಡು, ತೆನೆ ಒಡೆದ ಗದ್ದೆಯ ಬದುವಿನ ಮೇಲೆ ಕರೆದುಕೊಂಡು ಹೋದರು. ಬೆಳಗಿನ ಹತ್ತು ಗಂಟೆಯ ಬಿಸಿಲು. ಭತ್ತದ ಹೂವು ದಿನದಲ್ಲಿ ಒಂದೆರಡು ತಾಸು ಮಾತ್ರ ಬಾಯಿಬಿಟ್ಟು ಮುಚ್ಚಿಕೊಳ್ಳುತ್ತದೆ, ಬಹುಪಾಲು ತನ್ನ ಪರಾಗವನ್ನು ತನಗೇ ಬಳಸಿಕೊಳ್ಳುತ್ತದೆ. ಗದ್ದೆಯಿಂದ ನನಗೆ ಹೆಚ್ಚೇನೂ ಆಗಲಿಲ್ಲ. ಬದುವಿನ ಗರಿಕೆ ತನ್ನ ಕೆಲಸ ಮಾಡಿತು. ಮಾಸ್ಕು ಏರಿಸಿಕೊಂಡೆ. ‘ಒಕ್ಕಣೆ ಎತ್ತಿಗೆ ಬಾಯಿಕುಕ್ಕೆ ಹಾಕಿದಂಗೆ ಐತೆ’ ಎಂದು ಚಿಕ್ಕಪ್ಪ ಆಳುಗಳಿಗೆ ತೋರಿಸಿ ನಗಿಸಿದರು.

ಹುಲ್ಲಿನ ನಡುವೆಯೇ ಬಾಳುವ ಅವರಿಗೆ ಏನೂ ಆಗದೆ, ಹವಾನಿಯಂತ್ರಿತ ಕೌಂಟರಿನಲ್ಲಿ ಕೂರುವ ನನಗೇ ಏಕೆ ಎನ್ನುವ ಪ್ರಶ್ನೆ ಹೊಸದಲ್ಲ. ಇಂಗ್ಲೆಂಡಿನಲ್ಲಿ 1819ರಲ್ಲಿ ಜಾನ್ ಬಾಸ್ಟಕ್ ಎಂಬ ವೈದ್ಯ ಲಂಡನ್ನಿನ ವೈದ್ಯರ ಸಭೆಯೊಂದರಲ್ಲಿ, ಪ್ರತಿವರ್ಷ ಜೂನ್ ತಿಂಗಳಿಗೆ ಸರಿಯಾಗಿ ಕಣ್ಣು ಮೂಗು ಎದೆ ಕೆಡುವ ಒಬ್ಬ ರೋಗಿಯ ಕಥೆ ಓದಿದ. ರೋಗಿ ಅವನೇ. ಎಂಟನೇ ವಯಸ್ಸಿನಿಂದ ಸೀನುತ್ತಾ ಬಂದು ಆಗ ಅವನಿಗೆ 46. ರಕ್ತ ತೆಗೆಸಿಕೊಂಡಿದ್ದ, ಅಫೀಮು ತಿಂದಿದ್ದ, ತಣ್ಣೀರಿನಲ್ಲಿ ಮುಳುಗಿದ್ದ. ಕಾರಣ ಬೇಸಗೆಯ ಶಾಖ ಎಂದೇ ನಂಬಿದ್ದ. ಹುಲ್ಲನ್ನು ಹಿಡಿದುಕೊಟ್ಟವನು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಇವನೂ ಸೀನುವವನೇ. ಪರಾಗವನ್ನು ತನ್ನ ಮೂಗಿಗೇ ಏರಿಸಿಕೊಂಡು, ಚರ್ಮ ಗೀರಿ ಅದರ ಮೇಲೆ ಹಚ್ಚಿಕೊಂಡು, ಅಂಟು ಬಳಿದ ಗಾಜನ್ನು ಗಾಳಿಪಟಕ್ಕೆ ಕಟ್ಟಿ ಮೇಲೆ ಹಾರಿಸಿ ಎತ್ತರದ ಗಾಳಿಯಲ್ಲೂ ಪರಾಗವಿದೆಯೆಂದು ಕಂಡು, 1873ರಲ್ಲಿ ಪುಸ್ತಕ ಬರೆದ. ನನ್ನ ಮುಂಗೈ ಮೇಲಿನ ಆ ಸಾಲು ಹನಿಗಳ ಮೂಲಪುರುಷ ಅವನು. ಈ ಕಾಯಿಲೆ ರೈತರಿಗೆ ಅಪರೂಪ, ಓದಿದವರಿಗೆ ಹೆಚ್ಚು ಎನ್ನುವುದನ್ನೂ ಅವನೇ ಗಮನಿಸಿದ್ದ. ದನದ ಕೊಟ್ಟಿಗೆಯ ಸಹವಾಸದಲ್ಲಿ ಬೆಳೆದ ಮಕ್ಕಳಿಗೆ ಅಲರ್ಜಿ ಕಡಿಮೆ ಎಂದು ಈಗಿನ ಸಂಶೋಧಕರೂ ಹೇಳುತ್ತಾರೆ. ನಾನು ಹುಟ್ಟಿದ್ದು ಕೊಟ್ಟಿಗೆಗೆ ಅಂಟಿಕೊಂಡ ಕೋಣೆಯಲ್ಲಿ, ಹೈಸ್ಕೂಲಿನವರೆಗೆ ಸಗಣಿ ಬಾಚಿದವಳು. ಸರಾಸರಿ ಲೆಕ್ಕಗಳು ಒಬ್ಬೊಬ್ಬರನ್ನು ಹೀಗೆ ಹೊರಗೆ ಬಿಡುತ್ತವೆ.

ಇನ್ನು ನಡಿಗೆಗೆ ಬರುತ್ತೇನೆ. ನಮ್ಮ ಮೈಸೂರಿನಲ್ಲಿ ವಾಕಿಂಗ್ ಎನ್ನುವುದು ವ್ಯಾಯಾಮ ಮಾತ್ರವಲ್ಲ, ಒಂದು ಸದಸ್ಯತ್ವ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಯಾರು ಯಾವ ಹೊತ್ತಿಗೆ, ಯಾರ ಜೊತೆ, ಎಷ್ಟು ಸುತ್ತು ಎನ್ನುವುದು ವರ್ಷಗಟ್ಟಲೆ ಬದಲಾಗುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ; ಕುವೆಂಪು ನಡೆದ ಜಾಗ. ಮಳೆಗಾಲ ಕಳೆದ ಮೇಲೆ ಅಲ್ಲಿನ ಹಾದಿಯ ಎರಡು ಬದಿಯೂ ಹುಲ್ಲು ಸೊಂಪಾಗಿ ಎದ್ದಿರುತ್ತದೆ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಅದು ಹೂವಾಡುವ ಕಾಲ. ಊರಿಗೆಲ್ಲ ದಸರಾ, ದೀಪ, ಆಹಾರ ಮೇಳ. ನಮ್ಮ ಗುಂಪಿನ ಹೆಂಗಸರು ಆರೂವರೆಗೆ ಬಂದು, ಬಿಸಿಲು ಏರಿ ಇಬ್ಬನಿ ಆರುವ ಹೊತ್ತಿಗೆ ಸರಿಯಾಗಿ ಎರಡನೇ ಸುತ್ತಿನಲ್ಲಿರುತ್ತಾರೆ. ಬಹಳಷ್ಟು ಹುಲ್ಲುಗಳು ಕೇಸರ ಬಿಚ್ಚುವುದೂ ಆಗಲೇ.

ಒಂದು ಸಂಗತಿ ನನಗೆ ನಡೆದೇ ಗೊತ್ತಾದದ್ದು. ಕಟ್ಟಿದ ಮೂಗಿನಲ್ಲೇ ಹೊರಟು ಹತ್ತು ನಿಮಿಷ ಬಿರುಸಾಗಿ ನಡೆದರೆ ಮೂಗು ತಾನಾಗಿ ತೆರೆದುಕೊಳ್ಳುತ್ತದೆ. ಪವಾಡವೇನಲ್ಲ, ಮೈ ಕೆಲಸಕ್ಕಿಳಿದಾಗ ನರಗಳು ಮೂಗಿನೊಳಗಿನ ರಕ್ತನಾಳಗಳನ್ನು ಬಿಗಿ ಮಾಡುತ್ತವೆ, ಊತ ಇಳಿಯುತ್ತದೆ. ಮನೆಗೆ ಬಂದು ಕೂತರೆ ಮತ್ತೆ ಕಟ್ಟುತ್ತದೆ ಎನ್ನುವುದೂ ನಿಜ. ಕೂತಿದ್ದರೆ ಮೂಗು ತೆರೆಯುತ್ತದೆಂದು ಕಾಯುವುದು, ತೆರೆದ ಮೇಲೆ ನಡೆಯುತ್ತೇನೆಂದುಕೊಳ್ಳುವುದು ಎರಡೂ ಹಿಂದುಮುಂದಾದ ಲೆಕ್ಕ. ಆದರೆ ಇದಕ್ಕೊಂದು ಮಿತಿಯಿದೆ. ಸುಮ್ಮನೆ ಕೂತಾಗ ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆದುಕೊಳ್ಳುವವರು ಓಡುವಾಗ ಅದರ ಹತ್ತು ಪಟ್ಟು ಎಳೆಯುತ್ತೇವೆ, ಅದೂ ಬಾಯಿಯಿಂದ. ಮೂಗಿನ ಸೋಸಣಿಗೆಯನ್ನು ತಪ್ಪಿಸಿ ಒಳಗೆ ಹೋಗುವ ಗಾಳಿ ಅದು. ಹಾಗಾಗಿ ಹುಲ್ಲು ಹೂವಾಡುವ ತಿಂಗಳುಗಳಲ್ಲಿ ಹುಲ್ಲಿನ ಪಕ್ಕ ಓಡುವುದಿಲ್ಲ. ಮೂಗಿನಲ್ಲೇ ಉಸಿರಾಡಿಕೊಂಡು ಎಷ್ಟು ಜೋರಾಗಿ ನಡೆಯಬಹುದೋ ಅಷ್ಟೇ. ಮಾತಾಡಿಕೊಂಡು ನಡೆಯುವ ನಮ್ಮ ಗುಂಪಿಗೆ ಈ ನಿಯಮ ಹೇಳಿ ನೋಡಿದೆ. ಬಾಯಿ ಮುಚ್ಚಿಕೊಂಡು ನಡೆಯುವುದಾದರೆ ಕೆರೆಗೆ ಯಾಕೆ ಬರಬೇಕು ಎಂದರು.

ಆದ್ದರಿಂದ ನಾನು ಹೊತ್ತು ಬದಲಾಯಿಸಿದೆ. ಆ ಮೂರು ತಿಂಗಳು ಗುಂಪಿಗೆ ರಜೆ ಹೇಳಿ, ಹುಲ್ಲು ಇನ್ನೂ ಇಬ್ಬನಿಯಲ್ಲಿ ನೆನೆದಿರುವಾಗಲೇ ಬಡಾವಣೆಯ ಡಾಂಬರು ರಸ್ತೆಗಳಲ್ಲಿ ಸುತ್ತಿ, ಬಿಸಿಲು ಬೀಳುವ ಮೊದಲು ಮನೆ ಸೇರುತ್ತೇನೆ. ನಾಯಿಗಳ ಕಾಟ ಬೇರೆ ವಿಷಯ. ಸಂಜೆ ಮಳೆ ಹುಯ್ದು ನಿಂತರೆ ಅದು ನನ್ನ ಹಬ್ಬ. ಗಾಳಿ ತೊಳೆದು ಹೋಗಿರುತ್ತದೆ, ಆ ಅರ್ಧ ಗಂಟೆ ಕೆರೆಯ ಹಾದಿಯೂ ನನ್ನದೇ. ಒಣಗಾಳಿ ಬೀಸುವ ದಿನ ಹೊರಗೆ ಹೋಗುವುದಿಲ್ಲ; ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಲಿಫ್ಟು ಕೆಟ್ಟಿದೆಯಾ ಎಂದು ಕೇಳುವವರಿಗೆ ಹೌದು ಅನ್ನುತ್ತೇನೆ. ಭಾನುವಾರ ಒಳಾಂಗಣದ ಷಟಲ್. ಕನ್ನಡಕ, ಮಾಸ್ಕು, ತಲೆಗೆ ದುಪಟ್ಟ. 2020ರ ನಂತರ ಈ ವೇಷವನ್ನು ಯಾರೂ ತಿರುಗಿ ನೋಡುವುದಿಲ್ಲ. ಮನೆಗೆ ಬಂದ ಕೂಡಲೇ ಮುಖ ತೊಳೆದು ಬಟ್ಟೆ ಬದಲಾಯಿಸುವುದು, ಮಲಗುವ ಮೊದಲು ಕೂದಲಿಗೆ ನೀರು ಹಾಕುವುದು, ಬಟ್ಟೆಯನ್ನು ಮಹಡಿಯ ಮೇಲೆ ಹರವದೆ ಒಳಗೆ ಒಣಗಿಸುವುದು. ಹಗಲೆಲ್ಲ ಕೂದಲಲ್ಲಿ ಕೂತ ಪರಾಗ ರಾತ್ರಿ ದಿಂಬಿಗೆ ಇಳಿಯುತ್ತದೆ, ಅದರ ಮೇಲೆಯೇ ಮೂಗಿಟ್ಟು ಏಳು ತಾಸು ಮಲಗುತ್ತೇವೆ. ತಲೆಗೆ ನೀರು ಹಾಕಿದರೆ ಶೀತ ಎನ್ನುವ ಅತ್ತೆಯವರಿಗೆ ಇದನ್ನು ಒಪ್ಪಿಸುವುದು ಆಗಿಲ್ಲ. ಹೇರ್ ಡ್ರೈಯರಿನ ಸದ್ದಿಗೆ ಅವರಿಗೆ ಎಲ್ಲ ಗೊತ್ತಾಗುತ್ತದೆ, ಮಾತಿಲ್ಲದೆ ಟಿ.ವಿ. ಸದ್ದು ಜಾಸ್ತಿ ಮಾಡುತ್ತಾರೆ.

ಯೋಗದ ಊರಿನಲ್ಲಿದ್ದು ಯೋಗ ಬಿಡುವಂತಿಲ್ಲ. ಆದರೆ ಅಕ್ಟೋಬರಿನ ನನ್ನ ಪ್ರಾಣಾಯಾಮ ನೋಡುವಂಥದ್ದಲ್ಲ. ಬಲ ಹೊಳ್ಳೆ ಮುಚ್ಚಿ ಎಡದಲ್ಲಿ ಎಳೆಯಿರಿ ಎನ್ನುತ್ತಾರೆ ಗುರುಗಳು. ಎಡ ಆಗಲೇ ಮುಚ್ಚಿದೆ. ಆರೋಗ್ಯವಂತರ ಮೂಗಿನಲ್ಲೂ ಕೆಲವು ತಾಸಿಗೊಮ್ಮೆ ಒಂದು ಹೊಳ್ಳೆ ಬಿಗಿಯಾಗಿ ಇನ್ನೊಂದು ಸಡಿಲವಾಗುತ್ತಿರುತ್ತದಂತೆ. ನಮ್ಮಲ್ಲಿ ಬಿಗಿಯಾದದ್ದು ಬೀಗವೇ ಹಾಕಿಕೊಳ್ಳುತ್ತದೆ. ಸೂರ್ಯನಮಸ್ಕಾರದಲ್ಲಿ ತಲೆ ಕೆಳಗೆ ಹೋದಾಗ ಸೂರ್ಯನಿಗೆ ಅರ್ಘ್ಯವೂ ಸಂದಾಯವಾಗುತ್ತದೆ. ಆ ತಿಂಗಳು ನಿಂತು ಮಾಡುವ ಆಸನಗಳಲ್ಲಿ ನನ್ನ ಮೈ ಬಹಳ ಪಳಗಿದೆ. ಜಲನೇತಿ ಮಾತ್ರ ನಿಜವಾಗಿ ಉಪಕಾರಿ. ಮೂಗಿನಲ್ಲಿ ಕೂತದ್ದನ್ನು ಉಪ್ಪುನೀರು ತೊಳೆದು ಹೊರಗೆ ಹಾಕುತ್ತದೆ. ನಲ್ಲಿಯ ನೀರನ್ನು ನೇರ ಬಳಸಬಾರದು, ಕುದಿಸಿ ಆರಿಸಿದ್ದೇ ಆಗಬೇಕು. ಅಪರೂಪಕ್ಕೆ ಮೂಗಿನ ಮೂಲಕ ಮಿದುಳಿಗೆ ಹೋಗುವ ಅಮೀಬಾ ಒಂದಿದೆ, ಅದರ ಜೊತೆ ಆಟ ಬೇಡ.

ಔಷಧಿಯ ವಿಷಯದಲ್ಲಿ ನಮ್ಮವರ ನ್ಯಾಯ ವಿಚಿತ್ರ. ಹಳೆಯ ಕಾಲದ ಸೀನಿನ ಮಾತ್ರೆಯನ್ನು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಪಡೆದು ನುಂಗುತ್ತಾರೆ, ಮಧ್ಯಾಹ್ನ ತೂಕಡಿಸುತ್ತಾರೆ. ನೋಟು ಎಣಿಸುವ ನನ್ನ ಕೆಲಸಕ್ಕೆ ಅದು ಆಗಿಬರುವುದಿಲ್ಲ. ಮೂಗಿಗೆ ಬಿಟ್ಟುಕೊಂಡ ಕ್ಷಣದಲ್ಲೇ ತೆರೆಸುವ ಹನಿಗಳಿವೆ. ನಾಲ್ಕೈದು ದಿನ ದಾಟಿ ಅದನ್ನೇ ನೆಚ್ಚಿಕೊಂಡರೆ ಹನಿಯ ಪ್ರಭಾವ ಇಳಿದಾಗಲೆಲ್ಲ ಮೊದಲಿಗಿಂತ ಜೋರಾಗಿ ಕಟ್ಟುತ್ತದೆ, ಕೊನೆಗೆ ಆ ಬಾಟಲಿಯಿಲ್ಲದೆ ಮನೆ ಬಿಟ್ಟು ಹೊರಡಲಾಗದವರನ್ನು ನಾನು ಕಂಡಿದ್ದೇನೆ. ಇವೆರಡಕ್ಕೂ ಹೆದರದವರು, ಡಾಕ್ಟರು ಬರೆದುಕೊಟ್ಟ ಮೂಗಿನ ಸ್ಪ್ರೇಯಲ್ಲಿ ಸ್ಟೀರಾಯ್ಡ್ ಇದೆ ಎಂದ ಕೂಡಲೇ ಬೆಚ್ಚುತ್ತಾರೆ. ಅದರ ಪ್ರಮಾಣ ಸಣ್ಣದು, ಕೆಲಸವೆಲ್ಲ ಮೂಗಿನೊಳಗೇ, ರಕ್ತಕ್ಕೆ ಸೇರುವುದು ತೀರ ಅಲ್ಪ. ಅದರ ದೋಷವೆಂದರೆ ಅದು ನೀರಸ. ಹೊಡೆದ ಕೂಡಲೇ ಏನೂ ಆಗುವುದಿಲ್ಲ. ದಿನವೂ ಬಿಡದೆ ಹಾಕಿಕೊಂಡರೆ ಕೆಲವು ದಿನದ ಮೇಲೆ, ಪೂರ್ತಿ ಗುಣ ಕಾಣಲು ಒಂದೆರಡು ವಾರ. ಹಾಗಾಗಿ ಹುಲ್ಲು ಹೂವಾದ ಮೇಲೆ ಶುರುಮಾಡಿದರೆ ತಡವಾಯಿತೆಂದೇ ಅರ್ಥ. ನಾನು ಗೌರಿ ಹಬ್ಬದ ದಿನ ಬಾಗಿನ ಕೊಟ್ಟು ಬಂದು ಸ್ಪ್ರೇ ಶುರುಮಾಡುತ್ತೇನೆ, ಕ್ಯಾಲೆಂಡರಿನಲ್ಲಿ ಬೇರೆ ಗುರುತು ಬೇಕಿಲ್ಲ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ತಲೆ ಸ್ವಲ್ಪ ಬಗ್ಗಿಸಿ, ಮೂಗಿನ ನಡುಗೋಡೆಗೆ ತಾಗದಂತೆ ಕಣ್ಣಿನ ಹೊರಮೂಲೆಯ ಕಡೆಗೆ. ನಿದ್ದೆ ತರಿಸದ ಹೊಸ ಮಾತ್ರೆ ಜೊತೆಗೆ ಬೇಕಾದ ದಿನ ನೀರಿನಲ್ಲೇ ನುಂಗುತ್ತೇನೆ, ಫೆಕ್ಸೊಫೆನಡಿನ್ ಎಂಬುದು ಕಿತ್ತಳೆ ರಸದ ಜೊತೆ ಹೋದರೆ ಮೈಗೆ ಸರಿಯಾಗಿ ಸೇರುವುದಿಲ್ಲ. ಎದೆಯಲ್ಲಿ ಸಿಳ್ಳೆ ಕೇಳಿಸಿದರೆ ಮಾತ್ರ ಈ ಯಾವ ಜಾಣತನವೂ ನಡೆಯುವುದಿಲ್ಲ. ಅದು ಮೂಗಿನ ವಿಷಯವಲ್ಲ, ಅವತ್ತು ನಡಿಗೆ ನಿಲ್ಲಿಸಿ ಡಾಕ್ಟರ ಬಳಿ ಹೋಗುವುದೇ ಸರಿ.

ಕ್ರೀಡಾಪಟುಗಳ ಪಾಡು ಇನ್ನೂ ಕಷ್ಟ. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ರೊಮೇನಿಯಾದ ಹುಡುಗಿ ಆಂಡ್ರಿಯಾ ರದುಕಾನ್ ಜಿಮ್ನಾಸ್ಟಿಕ್ಸ್ ಚಿನ್ನ ಗೆದ್ದು ಕಳೆದುಕೊಂಡಳು; ತಂಡದ ವೈದ್ಯರು ಕೊಟ್ಟ ಶೀತದ ಮಾತ್ರೆಯಲ್ಲಿ ಆಗ ನಿಷೇಧದಲ್ಲಿದ್ದ ಸೂಡೊಎಫೆಡ್ರಿನ್ ಇತ್ತು. ನಮ್ಮ ಬ್ಯಾಂಕಿನವರ ಕ್ರೀಡಾಕೂಟದಲ್ಲಿ ಲಿಂಬೆ ಚಮಚ ಓಟಕ್ಕೆ ಇಂಥ ತಪಾಸಣೆ ಇಲ್ಲ ಎನ್ನುವುದು ಒಂದು ಸಮಾಧಾನ.

ಅಕ್ಕನ ಮಗಳು ಮೆಲ್ಬರ್ನಿನಲ್ಲಿದ್ದಾಳೆ. ಅಲ್ಲಿ ವಸಂತ ಬರುವುದು ನಮ್ಮ ದೀಪಾವಳಿಯ ಹೊತ್ತಿಗೆ. ರೈಗ್ರಾಸ್ ಎಂಬ ಹುಲ್ಲಿನ ಬಯಲುಗಳು ಊರಿನ ಉತ್ತರ, ಪಶ್ಚಿಮಕ್ಕೆ ಹರಡಿವೆ. 2016ರ ನವೆಂಬರ್ 21ರ ಸಂಜೆ, ಬಿರುಬಿಸಿಲಿನ ಹಗಲು ಕಳೆದು ಗುಡುಗಿನ ಬಿರುಗಾಳಿ ನುಗ್ಗಿತು. ಒದ್ದೆಗೆ ಪರಾಗದ ಕಣಗಳು ಒಡೆದು ಚೂರಾದವು. ಇಡಿಯಾಗಿದ್ದರೆ ಮೂಗಿನಲ್ಲೇ ನಿಲ್ಲುತ್ತಿದ್ದವು. ಚೂರುಗಳು ನೇರ ಶ್ವಾಸಕೋಶಕ್ಕೆ ಇಳಿದವು. ಕೆಲವೇ ತಾಸುಗಳಲ್ಲಿ ಸಾವಿರಾರು ಜನ ಉಸಿರಿಗಾಗಿ ಆಸ್ಪತ್ರೆಗಳ ಬಾಗಿಲಿಗೆ ಬಂದರು, 10 ಜನ ಸತ್ತರು. ಅವತ್ತಿನವರೆಗೆ ಉಬ್ಬಸವೇ ಇಲ್ಲದ, ಬರೀ ಸೀನುತ್ತಿದ್ದ ಎಷ್ಟೋ ಮಂದಿ ಅವರಲ್ಲಿದ್ದರು. ಭಾರತ, ಶ್ರೀಲಂಕಾ ಮೂಲದವರು ಅಲ್ಲಿನ ಜನಸಂಖ್ಯೆಯಲ್ಲಿ ಎಷ್ಟಿದ್ದಾರೋ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಆ ರಾತ್ರಿ ಆಸ್ಪತ್ರೆಗಳಲ್ಲಿದ್ದರು. ಈಗ ಅಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮಳೆ ಬಿಸಿಲಿನ ಜೊತೆ ಹುಲ್ಲಿನ ಪರಾಗದ ಮುನ್ಸೂಚನೆಯೂ ಬರುತ್ತದೆ. ಅವಳು ಅದನ್ನು ನೋಡಿಯೇ ಸೈಕಲ್ ತೆಗೆಯುವುದು. ಹೆಚ್ಚೆಂದಿದ್ದ ದಿನ ಈಜುಕೊಳ. ‘ನಿಮ್ಮಲ್ಲೂ ಇಂಥದ್ದೊಂದು ಆ್ಯಪ್ ಇರಬೇಕಿತ್ತು ನೋಡಿ ಚಿಕ್ಕಮ್ಮ’ ಅನ್ನುತ್ತಾಳೆ. ನನ್ನ ಆ್ಯಪ್ ಬಾಲ್ಕನಿಯಿಂದ ಕಾಣುವ ಖಾಲಿ ಸೈಟು. ಅಲ್ಲಿನ ಗರಿಕೆ ತಲೆಯೆತ್ತಿದೆಯೋ, ಒದ್ದೆಯಿದೆಯೋ, ತೊನೆಯುತ್ತಿದೆಯೋ ನೋಡಿ ಬೂಟು ಹಾಕುತ್ತೇನೆ. ಗುಡುಗಿನ ಮೊದಲ ಗಾಳಿ ಬೀಸಿದರೆ ಎಲ್ಲಿದ್ದರೂ ಒಳಗೆ ಸೇರಿ ಕಿಟಕಿ ಹಾಕುವುದನ್ನು ಮಾತ್ರ ಅವಳಿಂದ ಕಲಿತೆ.

ಚಾಮುಂಡಿ ಬೆಟ್ಟದ ಲೆಕ್ಕವೂ ಹೀಗೇ. ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲನ್ನು ಆಷಾಢದ ಶುಕ್ರವಾರ ಜನಜಂಗುಳಿಯಲ್ಲಿ ಆರಾಮವಾಗಿ ಹತ್ತುತ್ತೇನೆ. ಹುಲ್ಲು ಆಗಿನ್ನೂ ಎಳೆಯದು, ಹಸಿಹಸಿ. ನವರಾತ್ರಿಗೆ ಬೆಟ್ಟದ ಮೈಯೆಲ್ಲ ಸೊಂಟದೆತ್ತರ ತೆನೆ. ಆಗ ತಾಯಿಯ ದರ್ಶನಕ್ಕೆ ಬಸ್ಸು. ‘ಅಷ್ಟು ವಾಕಿಂಗ್ ಮಾಡ್ತೀರಿ, ಮೆಟ್ಟಿಲು ಹತ್ತೋಕೆ ಸೋಮಾರಿತನವಾ?’ ಎಂದು ಗುಂಪಿನವರು ಕೆಣಕುತ್ತಾರೆ. ಡಿಸೆಂಬರಿನಲ್ಲಿ ಹುಲ್ಲು ಒಣಗಿ ಬೆಟ್ಟ ಕಂದಾದ ಮೇಲೆ ನಂದಿಯವರೆಗೆ ನನ್ನ ಜೊತೆ ಬನ್ನಿ ಎಂದು ನಾನೂ ಸವಾಲು ಹಾಕಿಟ್ಟಿರುತ್ತೇನೆ. ಚಳಿಯೆಂದು ಯಾರೂ ಬರುವುದಿಲ್ಲ.

ಪರಾಗವನ್ನೇ ಚೂರುಚೂರಾಗಿ ಮೈಗೆ ಕೊಟ್ಟು ಅಭ್ಯಾಸ ಮಾಡಿಸುವ ಚಿಕಿತ್ಸೆಯೂ ಇದೆ. ಲಂಡನ್ನಿನ ಲಿಯೊನಾರ್ಡ್ ನೂನ್ 1911ರಲ್ಲಿ ಹುಲ್ಲಿನ ಪರಾಗದ ಚುಚ್ಚುಮದ್ದಿನಿಂದ ಅದನ್ನು ಶುರುಮಾಡಿದ. ಮೂರರಿಂದ ಐದು ವರ್ಷ ಬಿಡದೆ ನಡೆಸಬೇಕು. ಡಾಕ್ಟರು ಯೋಚಿಸಿ ಎಂದಿದ್ದಾರೆ, ಯೋಚಿಸುತ್ತಿದ್ದೇನೆ. ಸದ್ಯಕ್ಕೆ ಸ್ಪ್ರೇ, ಇಬ್ಬನಿ ಮತ್ತು ಲಿಫ್ಟಿನ ಪಕ್ಕದ ಮೆಟ್ಟಿಲುಗಳಲ್ಲಿ ಕಾಲ ಸಾಗುತ್ತಿದೆ. ಸಕ್ಕರೆ ಇನ್ನೂ ಹತ್ತಿರ ಬಂದಿಲ್ಲ.

ಮೊನ್ನೆ ಚಿಕ್ಕಪ್ಪ ಫೋನ್ ಮಾಡಿದ್ದರು. ಈ ಸಲ ಕುಯ್ಲಿಗೆ ಯಂತ್ರ ಕರೆಸಿದ್ದಾರಂತೆ, ಭತ್ತದ ಧೂಳು ಊರೆಲ್ಲ ಹಾರುತ್ತದೆ, ರಾತ್ರಿಯೆಲ್ಲ ಕೆಮ್ಮಂತೆ, ಕಣ್ಣು ಉರಿಯಂತೆ. ಅದು ಪರಾಗವಲ್ಲ, ಒಣಹುಲ್ಲಿನ ಧೂಳು ಮತ್ತು ಬೂಷ್ಟು, ಅದರ ದಾರಿಯೇ ಬೇರೆ ಎಂದು ನಾನು ಪಾಠ ಶುರುಮಾಡಿದೆ. ಅರ್ಧಕ್ಕೇ ತಡೆದರು.

‘ಅದೆಲ್ಲ ಇರ್ಲಿ ಕಣವ್ವ. ಮೆದೆ ಹಾಕೋ ಹೊತ್ಗೆ ಬಾ. ಬರುವಾಗ ಆ ಬಾಯಿಕುಕ್ಕೆ ಇದ್ಯಲ್ಲ, ನನಗೂ ಒಂದ್ನಾಕು ತಾ.’